ಆಟೋಕ್ಯಾಡ್ ಸ್ಕ್ರಿಪ್ಟ್‌ನಲ್ಲಿ ‘ಕ್ಲಾಸ್ ನಾಟ್ ರಿಜಿಸ್ಟರ್ಡ್’ ಬಂದರೆ ಏನು ನೋಡಬೇಕು

ಪೀಣ್ಯದಲ್ಲಿ, ಆಟೋಕ್ಯಾಡ್ ಎಂಬ ಡ್ರಾಯಿಂಗ್ ಸಾಫ್ಟ್‌ವೇರಿನ ಶೀಟ್ ಮೆಟಲ್ ಡ್ರಾಯಿಂಗ್‌ಗಳಿಂದ ತೂತುಗಳ ಪಟ್ಟಿಯನ್ನು ಎಕ್ಸೆಲ್‌ಗೆ ತೆಗೆಯುವ ಪೈಥಾನ್ ಸ್ಕ್ರಿಪ್ಟ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹೊಸ ಕಂಪ್ಯೂಟರಿಗೆ ಸ್ಕ್ರಿಪ್ಟ್ ಹೋದಾಗಲೆಲ್ಲ ಹುಡುಗರ ಫೋನು ಬರುತ್ತದೆ: “ಮೇಡಂ, ರಿಜಿಸ್ಟರ್ ಆಗಿಲ್ಲ ಅಂತಿದೆ, ಆಟೋಕ್ಯಾಡ್ ತೆಗೆದು ಮತ್ತೆ ಹಾಕ್ಲಾ?” ಬೇಡ. ಮೊದಲು ಎರರ್ ಜೊತೆಗಿರುವ ನಂಬರ್ ಓದಿ.

-2147221005 ಇದ್ದರೆ, ಆಟೋಕ್ಯಾಡ್ ಕರೆಯಲು ಸ್ಕ್ರಿಪ್ಟ್‌ನಲ್ಲಿ ನೀವು ಕೊಟ್ಟ ಹೆಸರೇ ವಿಂಡೋಸ್ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ಇಲ್ಲ. ಕಾಗುಣಿತ ಸರಿಯಿದ್ದರೆ ಬಹುಮಟ್ಟಿಗೆ ಕೊನೆಯ ಅಂಕಿಯದೇ ತಕರಾರು. ‘ಆಟೋಕ್ಯಾಡ್ ಡಾಟ್ ಅಪ್ಲಿಕೇಶನ್ ಡಾಟ್ 23’ ಅಂದರೆ 2019 ಮತ್ತು 2020ರ ಆವೃತ್ತಿಗಳು. 2021ರಿಂದ 2024ರವರೆಗೆ 24, 2025ಕ್ಕೆ 25. ಒಂದೇ ಆವೃತ್ತಿ ಇರುವ ಕಂಪ್ಯೂಟರಿನಲ್ಲಿ ಆ ಅಂಕಿಯನ್ನು ತೆಗೆದುಬಿಡಿ. ಎರಡು ಮೂರು ಆವೃತ್ತಿ ಇದ್ದರೆ ಮಾತ್ರ ಬೇಕಾದ್ದರ ಅಂಕಿ ಕೊಡಿ. ಇರುವುದು ಆಟೋಕ್ಯಾಡ್ ಎಲ್‌ಟಿ ಆದರೆ ಅಲ್ಲಿಗೇ ನಿಲ್ಲಿಸಿ. ಹೊರಗಿನ ಸ್ಕ್ರಿಪ್ಟ್‌ಗೆ ಅದರಲ್ಲಿ ಈ ದಾರಿಯೇ ಇಲ್ಲ.

ಬಣ್ಣ ಹಾಕಲು ಬಳಸುವ ‘ಆಕ್‌ಸಿಎಂಕಲರ್’ ಕಾಂಪೊನೆಂಟಿನ ಕತೆ ಬೇರೆ. ಅದಕ್ಕೆ ಅಂಕಿ ಬೇಕೇ ಬೇಕು, ತಪ್ಪಾದರೆ ‘ಪ್ರಾಬ್ಲಮ್ ಇನ್ ಲೋಡಿಂಗ್ ಅಪ್ಲಿಕೇಶನ್’ ಎನ್ನುತ್ತದೆ. ಕೋಡಿನಲ್ಲಿ 24 ಅಂತ ಬರೆದಿಡಬೇಡಿ. ಓಡುತ್ತಿರುವ ಆಟೋಕ್ಯಾಡ್‌ನ ‘ವರ್ಷನ್’ ಓದಿ, ಮೊದಲ ಎರಡು ಅಂಕಿ ತೆಗೆದು ಹೆಸರಿಗೆ ಸೇರಿಸಿ. ಮುಂದಿನ ಅಪ್‌ಗ್ರೇಡ್‌ನಲ್ಲಿ ಯಾರೂ ನಿಮಗೆ ಫೋನು ಮಾಡಬೇಕಾಗುವುದಿಲ್ಲ.

-2147221164 ಬಂದರೆ ಹೆಸರು ಸಿಕ್ಕಿದೆ, ಅದು ತೋರಿಸುವ ಕಾಂಪೊನೆಂಟ್ ಸಿಕ್ಕಿಲ್ಲ. ಇದೇ ನಿಜವಾದ ‘ಕ್ಲಾಸ್ ನಾಟ್ ರಿಜಿಸ್ಟರ್ಡ್’. ರಿಜಿಸ್ಟ್ರಿ ತೋರಿಸುವ ರೆಗ್‌ಎಡಿಟ್ ತೆರೆದು, ಕ್ಲಾಸಸ್ ರೂಟ್ ಕೆಳಗೆ ಆ ಹೆಸರನ್ನು ಹುಡುಕಿ, ಅದರೊಳಗಿನ ಸಿಎಲ್‌ಎಸ್‌ಐಡಿಯನ್ನು (ಕಾಂಪೊನೆಂಟಿನ ಗುರುತಿನ ಸಂಖ್ಯೆ) ಪುಷ್ಪಾವರಣದ ಸಮೇತ ಕಾಪಿ ಮಾಡಿ. ಈಗ ಕ್ಲಾಸಸ್ ರೂಟ್‌ನಲ್ಲೇ ಇರುವ ಸಿಎಲ್‌ಎಸ್‌ಐಡಿ ಪಟ್ಟಿಯಲ್ಲಿ ಅದನ್ನು ಹುಡುಕಿ, ‘ಲೋಕಲ್‌ಸರ್ವರ್32’ ನೋಡಿ. ಅಲ್ಲಿರುವ ಜಾಗದಲ್ಲಿ ಆಟೋಕ್ಯಾಡ್‌ನ ಫೈಲು ನಿಜಕ್ಕೂ ಇದೆಯೇ? ಇಲ್ಲದಿದ್ದರೆ ಕಂಟ್ರೋಲ್ ಪ್ಯಾನೆಲ್‌ನಿಂದ ‘ರಿಪೇರ್’ ಕೊಡಿ. ರಿಜಿಸ್ಟ್ರಿಯನ್ನು ಕೈಯಾರೆ ತಿದ್ದಲು ಹೋಗಬೇಡಿ.

ಸ್ಕ್ರಿಪ್ಟ್ ಬಳಸುವುದು ನಿಮ್ಮದೇ ಡಿಎಲ್‌ಎಲ್ (ಬೇರೆ ಪ್ರೋಗ್ರಾಮಿನೊಳಗೆ ಸೇರಿ ಓಡುವ ಫೈಲು) ಆಗಿದ್ದರೆ ಅದು 32-ಬಿಟ್ಟೋ 64-ಬಿಟ್ಟೋ ನೋಡಿ. 32-ಬಿಟ್ ಪೈಥಾನ್ 64-ಬಿಟ್ ಡಿಎಲ್‌ಎಲ್ ಅನ್ನು ತನ್ನೊಳಗೆ ಎಳೆದುಕೊಳ್ಳಲಾರದು. ಇಲ್ಲಿ ಹೆಸರುಗಳು ದಾರಿ ತಪ್ಪಿಸುತ್ತವೆ: ‘ಸಿಸ್ಟಮ್32’ ಫೋಲ್ಡರಿನ ರೆಗ್‌ಎಸ್‌ವಿಆರ್32 (ಡಿಎಲ್‌ಎಲ್ ನೋಂದಾಯಿಸುವ ಪ್ರೋಗ್ರಾಂ) ಇರುವುದು 64-ಬಿಟ್‌ಗೆ, ‘ಸಿಸ್‌ವಾವ್64’ರಲ್ಲಿರುವುದು 32-ಬಿಟ್‌ಗೆ.

-2147221021 ನೋಂದಣಿಯ ಎರರ್ ಅಲ್ಲ. ಓಡುತ್ತಿರುವ ಆಟೋಕ್ಯಾಡ್ ಸ್ಕ್ರಿಪ್ಟ್‌ಗೆ ಕಾಣುತ್ತಿಲ್ಲ, ಅಷ್ಟೆ. ಒಂದನ್ನು ಅಡ್ಮಿನಿಸ್ಟ್ರೇಟರ್ ಆಗಿ, ಇನ್ನೊಂದನ್ನು ಮಾಮೂಲಾಗಿ ತೆರೆದಿದ್ದರೆ ಹೀಗಾಗುತ್ತದೆ. ಎರಡನ್ನೂ ಒಂದೇ ರೀತಿ ತೆರೆಯಿರಿ.

ಎಲ್ಲ ಸರಿಯಿದ್ದೂ ಅಪ್‌ಗ್ರೇಡ್ ನಂತರ ವಿಚಿತ್ರ ಎರರ್‌ಗಳು ಬಂದರೆ, ಟೆಂಪ್ ಫೋಲ್ಡರಿನಲ್ಲಿರುವ ‘ಜೆನ್_ಪಿವೈ’ ಅಳಿಸಿ. ಅದು ಆಟೋಕ್ಯಾಡ್‌ನ ಹಿಂದಿನ ಆವೃತ್ತಿಯಿಂದ ಪೈಥಾನ್ ಬರೆದಿಟ್ಟುಕೊಂಡದ್ದು. ಬೇಕಾದಾಗ ಹೊಸದಾಗಿ ಬರೆದುಕೊಳ್ಳುತ್ತದೆ.