ಮನೆಯಲ್ಲಿ ಸಂಗೀತದ ಧ್ವನಿಮುದ್ರಣ: ಕಂಪ್ಯೂಟರ್ ಬೇಕೆ, ಬೇಡವೆ?

ಮನೆಯಲ್ಲಿ ಹಾಡನ್ನು ಮುದ್ರಿಸಿಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಮೈಕ್ ಕೊಳ್ಳಬೇಕು, ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು ಎಂದು. ಅದಕ್ಕೂ ಮೊದಲು ತೀರ್ಮಾನವಾಗಬೇಕಾದ ಸಂಗತಿ ಬೇರೊಂದಿದೆ. ಹಾಡುವವರೂ ನುಡಿಸುವವರೂ ಒಟ್ಟಿಗೆ ಕೂತು ಒಂದೇ ಓಟದಲ್ಲಿ ಮುಗಿಸುತ್ತಾರೆಯೆ, ಅಥವಾ ಒಬ್ಬೊಬ್ಬರ ಭಾಗವನ್ನು ಬೇರೆ ಬೇರೆ ಹೊತ್ತಿನಲ್ಲಿ ಹಿಡಿದು ಒಂದರ ಮೇಲೊಂದು ಸೇರಿಸಬೇಕಾಗಿದೆಯೆ? ಇದಕ್ಕೆ ಉತ್ತರ ಸಿಕ್ಕರೆ ಕಂಪ್ಯೂಟರ್ ಬೇಕೋ ಬೇಡವೋ ಎಂಬುದು ಬಹುಮಟ್ಟಿಗೆ ತಾನಾಗಿಯೇ ತಿಳಿಯುತ್ತದೆ.

ಕರ್ನಾಟಕ ಸಂಗೀತದ ಕಚೇರಿಯ ಮಾದರಿಯಲ್ಲಿ ಗಾಯನ, ಪಿಟೀಲು, ಮೃದಂಗಗಳನ್ನು ಹಿಡಿಯುವುದಾದರೆ ಬಿಡಿಬಿಡಿಯಾಗಿ ಮುದ್ರಿಸುವ ಯೋಚನೆಯನ್ನೇ ಬಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಗಾಯಕರ ಸಂಗತಿಯನ್ನು, ಅಂದರೆ ಒಂದೇ ಸಾಲನ್ನು ಬೇರೆ ಬೇರೆ ಬಗೆಯಲ್ಲಿ ಹಾಡುವುದನ್ನು, ಕೇಳಿ ಪಿಟೀಲು ಉತ್ತರ ಕೊಡುತ್ತದೆ, ಸಾಹಿತ್ಯದ ನಡೆಯನ್ನು ನೋಡಿ ಮೃದಂಗ ತನ್ನ ನಡೆಯನ್ನು ಬದಲಿಸುತ್ತದೆ. ಕಾಲಪ್ರಮಾಣವೂ ಗಡಿಯಾರದಷ್ಟು ಬಿಗಿಯಾಗಿರದೆ ತುಸು ಉಸಿರಾಡುತ್ತಿರುತ್ತದೆ. ಹೆಡ್‌ಫೋನ್‌ನಲ್ಲಿ ಟಿಕ್ ಟಿಕ್ ಎನ್ನುವ ಕ್ಲಿಕ್ಕಿಗೆ ಇದನ್ನು ಕಟ್ಟಿಹಾಕಿದರೆ ಉಳಿಯುವುದು ಲೆಕ್ಕ ಮಾತ್ರ. ಇಂಥ ಕೆಲಸಕ್ಕೆ ಎರಡು ಮೈಕ್‌ಗಳು ಒಳಗೇ ಇರುವ ಕೈರೆಕಾರ್ಡರ್ ಮತ್ತು ಒಂದು ಸ್ಟ್ಯಾಂಡ್ ಸಾಕು. ರೆಕಾರ್ಡರನ್ನು ಗಾಯಕರ ಮುಂದೆ ಒಂದು, ಒಂದೂವರೆ ಮೀಟರ್ ದೂರದಲ್ಲಿಟ್ಟು ಒಂದು ಪಲ್ಲವಿಯನ್ನು ಮುದ್ರಿಸಿ ಕೇಳಬೇಕು. ಮೃದಂಗ ಹೆಚ್ಚಾಯಿತೆನಿಸಿದರೆ ತಿರುಗಿಸಲು ಬೇರೆ ಗುಂಡಿ ಇರುವುದಿಲ್ಲವಾದ್ದರಿಂದ ಮೃದಂಗದವರನ್ನೇ ಒಂದಡಿ ಹಿಂದಕ್ಕೆ ಕೂರಿಸಬೇಕು. ಶ್ರುತಿಪೆಟ್ಟಿಗೆ ಎಲ್ಲರಿಗೂ ಕೇಳುವಂತೆ, ಆದರೆ ಮೈಕ್‌ಗಳ ಹಿಂಬದಿಗೆ ಇರಲಿ. ಮುದ್ರಣವನ್ನು 24 ಬಿಟ್‌ಗೆ (ಧ್ವನಿಯನ್ನು ಎಷ್ಟು ಸೂಕ್ಷ್ಮವಾಗಿ ಅಳೆಯಬೇಕೆಂಬ ಆಯ್ಕೆ) ಹೊಂದಿಸಿ, ಅತ್ಯಂತ ಜೋರಾದ ಕಡೆಯಲ್ಲೂ ಮಟ್ಟ ಸೊನ್ನೆ ಎಂಬ ಗರಿಷ್ಠ ಮಿತಿಗಿಂತ ಕೆಳಗೆ, ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲೇ ನಿಲ್ಲುವಂತೆ ನೋಡಿಕೊಂಡರೆ ತನಿಯ (ಮೃದಂಗದವರು ಒಬ್ಬರೇ ನುಡಿಸುವ ಭಾಗದ) ಕೊನೆಯಲ್ಲಿ ಬರುವ ಜೋರಾದ ಮುಕ್ತಾಯದ ಹೊಡೆತಗಳಲ್ಲಿ ಧ್ವನಿ ಒಡೆಯುವ ಭಯವಿರುವುದಿಲ್ಲ.

ಭಾವಗೀತೆ, ಸುಗಮ ಸಂಗೀತ, ಅಥವಾ ಕೀಬೋರ್ಡಿನ ಮೇಲೆ ಕಟ್ಟಿದ ಸ್ವಂತ ರಚನೆಗಳ ವಿಷಯ ಬೇರೆ. ಇಲ್ಲಿ ಲಯ ಮೊದಲೇ ಗೊತ್ತಾಗಿರುತ್ತದೆ, ಕೊಳಲಿನವರು ಮುಂದಿನ ವಾರ ಬರುತ್ತಾರೆ, ಎರಡನೆಯ ಚರಣವನ್ನು ಮತ್ತೆ ಹಾಡಬೇಕೆನಿಸುತ್ತದೆ. ಪದರ ಪದರವಾಗಿ ಕೂಡಿಸುವ ಈ ಕೆಲಸಕ್ಕೆ ಕಂಪ್ಯೂಟರಿನಷ್ಟು ಅನುಕೂಲ ಬೇರೆಲ್ಲೂ ಇಲ್ಲ. ಮೈಕ್, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯಾದ ಆಡಿಯೋ ಇಂಟರ್‌ಫೇಸ್, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಇವಿಷ್ಟನ್ನು ಹೊಂದಿಸಿಕೊಳ್ಳಬೇಕು. ಕೆಲಸ ಮಾಡಲು ವಿದ್ಯುತ್ ಬೇಡುವ ಕಂಡೆನ್ಸರ್ ಮೈಕ್ ಆದರೆ ಇಂಟರ್‌ಫೇಸ್ ಮೈಕಿನ ತಂತಿಯಲ್ಲೇ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ ಕೊಡುತ್ತದೆಯೆ ಎಂದು ನೋಡಿಯೇ ಕೊಳ್ಳಬೇಕು. ಸಾಫ್ಟ್‌ವೇರ್‌ನಲ್ಲಿ ಅಡಾಸಿಟಿ ಉಚಿತ, ಆಪಲ್ ಯಂತ್ರಗಳಲ್ಲಿ ಗ್ಯಾರೇಜ್‌ಬ್ಯಾಂಡ್ ಉಚಿತ, ರೀಪರ್ ಅನ್ನು 60 ದಿನ ಬಳಸಿ ನೋಡಿ ನಂತರ ಹಣ ಕೊಡಬಹುದು. ಯಾವುದಾದರೊಂದನ್ನು ಆರಿಸಿ ಅದರಲ್ಲೇ ಪಳಗುವುದು ಮುಖ್ಯ.

ಕಂಪ್ಯೂಟರ್ ಹಿಡಿದವರನ್ನು ಕಾಡುವ ನಿಜವಾದ ತೊಡಕು ವಿಳಂಬದ್ದು. ಮೈಕಿನಿಂದ ಒಳಹೋದ ಧ್ವನಿ ಸಾಫ್ಟ್‌ವೇರನ್ನು ಹಾದು ಹೆಡ್‌ಫೋನಿಗೆ ಬರುವಷ್ಟರಲ್ಲಿ ಸ್ವಲ್ಪ ತಡವಾಗುತ್ತದೆ. ಕಂಪ್ಯೂಟರ್ ಧ್ವನಿಯನ್ನು ಸ್ಯಾಂಪಲ್ ಎಂಬ ಚೂರುಗಳಾಗಿ ಅಳೆದು, ಬಫರ್ ಎಂಬ ಗುಂಪು ತುಂಬಿದ ಮೇಲೆ ಸಾಗಿಸುತ್ತದೆ; 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48,000 ಸ್ಯಾಂಪಲ್) ಬಫರ್ 256 ಸ್ಯಾಂಪಲ್ ಆಗಿದ್ದರೆ ಒಂದು ದಿಕ್ಕಿಗೆ ಸುಮಾರು 5.3 ಮಿಲಿಸೆಕೆಂಡು, ಹೋಗಿ ಬರಲು ಅದರ ಎರಡರಷ್ಟು ಹಿಡಿಯುತ್ತದೆ. ಹತ್ತು ಮಿಲಿಸೆಕೆಂಡಿನಲ್ಲಿ ಶಬ್ದ ಗಾಳಿಯಲ್ಲಿ ಸಾಗುವುದು ಸುಮಾರು ಮೂರೂವರೆ ಮೀಟರ್, ಅಂದರೆ ಅಷ್ಟು ದೂರ ಕೂತವರನ್ನು ಕೇಳಿದಂತೆ; ಆದ್ದರಿಂದ ಇಷ್ಟನ್ನು ವಾದ್ಯದವರು ಹೇಗೋ ಸಹಿಸುತ್ತಾರೆ. ಬಫರ್ 1024 ಆದಾಗ ಮಾತ್ರ ಈ ತಡ ನಲವತ್ತು ಮಿಲಿಸೆಕೆಂಡನ್ನು ದಾಟಿ, ತಬಲಾದವರಿಗೆ ತಮ್ಮ ಬೋಲು ತಮಗೇ ಹಿಂದಿನಿಂದ ಬಂದು ಬಡಿದಂತಾಗುತ್ತದೆ. ಆದ್ದರಿಂದ ಮುದ್ರಿಸುವಾಗ ಬಫರನ್ನು ಕಡಿಮೆ ಇಟ್ಟು, ಪದರಗಳನ್ನು ಹದವಾಗಿ ಬೆರೆಸುವ ಮಿಶ್ರಣಕ್ಕೆ ಕೂತಾಗ ಹೆಚ್ಚಿಸಬೇಕು; ಮೈಕಿನ ಧ್ವನಿಯನ್ನು ನೇರವಾಗಿ ಹೆಡ್‌ಫೋನಿಗೆ ಕಳಿಸುವ ಡೈರೆಕ್ಟ್ ಮಾನಿಟರ್ ಗುಂಡಿ ಇಂಟರ್‌ಫೇಸ್‌ನಲ್ಲಿ ಇದ್ದರೆ ಅದನ್ನೇ ಬಳಸಿ, ಕಂಪ್ಯೂಟರನ್ನು ಹಾದು ಬರುವ ನಿಮ್ಮದೇ ಧ್ವನಿಯನ್ನು ಮುಚ್ಚಿಬಿಡಬೇಕು.

ಪದರಗಳು ಬೇಕು, ಪರದೆ ಮಾತ್ರ ಬೇಡ ಎನ್ನುವವರಿಗೆ ಪ್ರತಿ ಪದರವನ್ನೂ ಒಂದೊಂದು ಟ್ರ್ಯಾಕಾಗಿ ಬೇರೆ ಬೇರೆ ಹಿಡಿಯುವ ಬಹುಟ್ರ್ಯಾಕ್ ರೆಕಾರ್ಡರ್ ಇದೆ. 1979ರಲ್ಲಿ ಟಿಯಾಕ್ ಕಂಪನಿ ಸಾಮಾನ್ಯ ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕ್ ಹಿಡಿಯುವ ಪೋರ್ಟಾಸ್ಟುಡಿಯೋವನ್ನು ತಂದಾಗ ಆರಂಭವಾದ ಪರಂಪರೆ ಇದು. ಅದೇ ವಂಶದ, ಟಿಯಾಕ್‌ನದೇ ಬ್ರ್ಯಾಂಡ್ ಆದ ಟ್ಯಾಸ್ಕ್ಯಾಮ್‌ನ ಡಿಪಿ-008ಇಎಕ್ಸ್ ಯಂತ್ರದಲ್ಲಿ ಎಂಟು ಟ್ರ್ಯಾಕ್‌ಗಳಿವೆ, ಒಮ್ಮೆಗೆ ಎರಡನ್ನು ಮುದ್ರಿಸಬಹುದು, ಸಣ್ಣ ಬ್ಯಾಟರಿಗಳ ಮೇಲೂ ಅದು ನಡೆಯುತ್ತದೆ. ಕರೆಂಟು ಯಾವಾಗ ಹೋಗುವುದೋ ಹೇಳಲಾಗದ ಊರುಗಳಲ್ಲಿ ಇದು ಸಣ್ಣ ಗುಣವಲ್ಲ. ಇದರಲ್ಲಿ ಒಂದು ಸ್ವರವನ್ನು ಕತ್ತರಿಸಿ ಸರಿಸುವುದು ತ್ರಾಸದ ಕೆಲಸ. ಆದ್ದರಿಂದ ಹಾಡುವವರು ತಿದ್ದುವ ಬದಲು ಮತ್ತೊಮ್ಮೆ ಹಾಡುತ್ತಾರೆ, ಅನೇಕ ಸಲ ಅದೇ ಚೆನ್ನಾಗಿರುತ್ತದೆ. ತಿದ್ದುಪಡಿಯ ಹುಚ್ಚು ಹತ್ತುವ ಸ್ವಭಾವದವರಿಗೆ ನಾನು ಇದನ್ನೇ ಸೂಚಿಸುತ್ತೇನೆ. ಕೊನೆಗೆ ಟ್ರ್ಯಾಕ್‌ಗಳನ್ನು ಕಂಪ್ಯೂಟರಿಗೆ ಸಾಗಿಸಿ ಅಲ್ಲಿ ಮಿಶ್ರಣ ಮಾಡಿದರೂ ಅಡ್ಡಿಯಿಲ್ಲ.

ಯಾವುದನ್ನೂ ಕೊಳ್ಳುವ ಮೊದಲು ಕೈಯಲ್ಲಿರುವ ಫೋನಿನಲ್ಲೇ ಮುದ್ರಿಸಿ ಕೋಣೆಯನ್ನು ಪರೀಕ್ಷಿಸಬಹುದು. ಫ್ಯಾನ್ ನಿಲ್ಲಿಸಿ, ಗಾರೆ ನೆಲಕ್ಕೆ ಜಮಖಾನ ಹಾಸಿ, ಬರಿಗೋಡೆಗೆ ಹಾಸಿಗೆಯನ್ನು ಒರಗಿಸಿ ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ. ಆದರೆ ಫೋನಿನಲ್ಲಿ ಗದ್ದಲ ತಗ್ಗಿಸುವ ವ್ಯವಸ್ಥೆ ಇದ್ದರೆ ಅದನ್ನು ನಿಲ್ಲಿಸಲೇಬೇಕು: ಎಡೆಬಿಡದೆ ಒಂದೇ ಸಮನೆ ಮೊಳಗುವುದನ್ನು ಅದು ಗದ್ದಲವೆಂದು ತಿಳಿಯುವುದರಿಂದ ಮೊದಲು ನುಂಗುವುದೇ ತಂಬೂರಿಯನ್ನು. ಸಾಫ್ಟ್‌ವೇರ್‌ನ ಇಂಥ ಉಪಕರಣಗಳಲ್ಲೂ ಇದೇ ಎಚ್ಚರ ಬೇಕು.

ಪದರಗಳಲ್ಲಿ ಮುದ್ರಿಸುವವರು ಮೊದಲ ಟ್ರ್ಯಾಕಿಗೂ ಮುಂಚೆ ಶ್ರುತಿಯನ್ನು ಸರಿಪಡಿಸಿಕೊಳ್ಳಬೇಕು. ಕೀಬೋರ್ಡುಗಳು ಸಾಮಾನ್ಯವಾಗಿ ಪಾಶ್ಚಾತ್ಯ ಎ ಸ್ವರ 440 ಹರ್ಟ್ಸ್ ಎಂಬ ಆಧಾರಕ್ಕೆ ಹೊಂದಿರುತ್ತವೆ, ಹಳೆಯ ಹಾರ್ಮೋನಿಯಂ ಹಾಗಿರಬೇಕೆಂದಿಲ್ಲ. ಅದು ಹಾಡಿನಲ್ಲಿದ್ದರೆ ಉಳಿದವರು ಅದಕ್ಕೇ ಹೊಂದಿಕೊಳ್ಳಬೇಕಾಗುತ್ತದೆ. 48 ಕಿಲೋಹರ್ಟ್ಸ್, 24 ಬಿಟ್‌ನ ಒಂದು ಟ್ರ್ಯಾಕ್ ನಿಮಿಷಕ್ಕೆ ಸುಮಾರು 8.6 ಮೆಗಾಬೈಟ್ ಜಾಗ ತಿನ್ನುತ್ತದೆ, ಎಂಟು ಟ್ರ್ಯಾಕ್‌ಗಳ ಒಂದು ಗಂಟೆಗೆ ನಾಲ್ಕು ಗಿಗಾಬೈಟ್ ಆಗುತ್ತದೆ. ಬೇರೆ ಊರಿನಲ್ಲಿರುವ ವಾದ್ಯದವರಿಗೆ ಕಳುಹಿಸುವಾಗ ಎಲ್ಲ ಟ್ರ್ಯಾಕ್‌ಗಳೂ ಒಂದೇ ಆರಂಭಬಿಂದುವಿನಿಂದ ಶುರುವಾಗುವ ವೇವ್ ಕಡತಗಳಾಗಿರಲಿ, ಕಡತದ ಹೆಸರಿನಲ್ಲೇ ಶ್ರುತಿ ಮತ್ತು ವೇಗವನ್ನು ಬರೆದಿರಲಿ.