ಕಡಲು ಎಡಗಡೆ ಇರಲಿ: ಮಂಗಳೂರಿನಿಂದ ಕಾರವಾರಕ್ಕೆ ನಿಧಾನವಾಗಿ

ಮಂಗಳೂರಿನಿಂದ ಕಾರವಾರಕ್ಕೆ 270 ಕಿಲೋಮೀಟರ್ ಆಸುಪಾಸು. ಐದಾರು ಗಂಟೆಯ ದಾರಿ. ಅದಕ್ಕೆ ಹತ್ತು ದಿನ ರಜೆ ಹಾಕಿದ್ದೇನೆ ಅಂದಾಗ ಭಾವ ನಂಬಲೇ ಇಲ್ಲ. "ಮೂರನೇ ದಿನಕ್ಕೆ ಬೇಜಾರಾಗಿ ವಾಪಸ್ ಬರ್ತೀಯ ನೋಡು" ಅಂದರು. ಈ ಜನವರಿಯಲ್ಲಿ ನಾನೂ ಹೆಂಡತಿಯೂ ನಮ್ಮ ಹಳೇ ಆಲ್ಟೋದಲ್ಲಿ ಹೋಗಿ ಬಂದೆವು. ಬೇಜಾರಂತೂ ಆಗಲಿಲ್ಲ. ದುಡ್ಡೂ ಅಂದುಕೊಂಡಷ್ಟು ಆಗಲಿಲ್ಲ.

ಹಿಂದೆಲ್ಲ ಕಾರವಾರದಿಂದ ಕೆಳಗೆ ಇಳಿದು ಬರುತ್ತಿದ್ದೆವು. ಪ್ರತಿ ಸಲವೂ ಸಪ್ಪೆ. ಹೆದ್ದಾರಿ 66ಕ್ಕೆ ನಾಲ್ಕು ಪಥ ಆದಮೇಲೆ ನಡುವೆ ಡಿವೈಡರ್ ಬಂತು. ತೆಂಕಲಿಗೆ ಹೋಗುವಾಗ ಕಡಲು ಬಲಗಡೆ. ಚೆಂದದ ಜಾಗ ಕಂಡರೆ ಮುಂದೆ ಎಲ್ಲೋ ಯೂ ಟರ್ನ್ ಹುಡುಕಬೇಕು, ಮತ್ತೆ ಹೊರಡುವಾಗಲೂ ಅದೇ ಪಾಡು. ಎರಡು ಬೀಚ್ ಆಗುವಷ್ಟರಲ್ಲಿ "ಬಿಡು, ಮುಂದೆ ನೋಡೋಣ" ಅನ್ನಿಸಿಬಿಡುತ್ತದೆ. ಉತ್ತರಕ್ಕೆ ಹೊರಟರೆ ಕಡಲು ಎಡಗಡೆ. ಇಂಡಿಕೇಟರ್ ಹಾಕಿ ಇಳಿದರೆ ಆಯ್ತು. ಇಷ್ಟು ಸಣ್ಣ ವಿಷಯ ಇಡೀ ಪ್ರವಾಸವನ್ನೇ ಬದಲಾಯಿಸಿತು ಅಂದರೆ ಈಗಲೂ ಕೆಲವರು ಒಪ್ಪುವುದಿಲ್ಲ.

ದಿನಕ್ಕೆ 40 ಕಿಲೋಮೀಟರ್ ದಾಟಬಾರದು. ಕಡಲಿನ ಪಕ್ಕದ ಒಳರಸ್ತೆ ಇದ್ದಲ್ಲೆಲ್ಲ ಹೆದ್ದಾರಿ ಬಿಡಬೇಕು. ಇವೆರಡೇ ನಮ್ಮ ನಿಯಮ.

ಕಾಪುವಿನಿಂದ ಮಲ್ಪೆಯವರೆಗಿನ ದಾರಿ ಅದಕ್ಕೆ ಹೇಳಿ ಮಾಡಿಸಿದ್ದು. ಸಂಜೆ ಕಾಪು ದೀಪಸ್ತಂಭ ಹತ್ತಿದೆವು. 1901ರದ್ದು, ಇನ್ನೂ ಗಟ್ಟಿಮುಟ್ಟಾಗಿದೆ. ಬೆಳಿಗ್ಗೆ ಮಟ್ಟು, ಪಡುಕೆರೆ ಮೇಲೆ ಹೋದೆವು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಎರಡು ಕಾರು ಎದುರಾದರೆ ಒಂದು ಪಕ್ಕಕ್ಕೆ ಸರಿಯಬೇಕಾದ ರಸ್ತೆ. ಮನೆಯಂಗಳದಲ್ಲಿ ಬಲೆ ಹರಡಿಕೊಂಡು ಒಬ್ಬರು ಹರಿದ ಕಣ್ಣು ಹೆಣೆಯುತ್ತಿದ್ದರು. ದಾರದ ಒಂದು ತುದಿ ಕಾಲ್ಬೆರಳಿಗೆ, ಇನ್ನೊಂದು ಕೈಯಲ್ಲಿ. ತಲೆಯೆತ್ತದೆಯೇ "ಎಲ್ಲಿಂದ?" ಅಂತ ಕೇಳಿದರು. ಅಲ್ಲೇ ಅರ್ಧ ಗಂಟೆ ಹೋಯಿತು. ಅಂಥ ಅರ್ಧ ಗಂಟೆಗೇ ನಾವು ಹೋಗಿದ್ದು.

ಮಟ್ಟುವಿನಲ್ಲಿ ಗುಳ್ಳ ಕೊಂಡೆವು. ಜಿಐ, ಅಂದರೆ ಭೌಗೋಳಿಕ ಸೂಚಕ ಮಾನ್ಯತೆ ಇರುವ ಅದೇ ಬದನೆ. ದಂಡೆಯಲ್ಲೇ ಸುಟ್ಟು ಗೊಜ್ಜು ಮಾಡೋಣ ಅಂತ ಸಣ್ಣ ಗ್ಯಾಸ್ ಒಲೆ ತಂದಿದ್ದೆ. ಹನ್ನೊಂದು ಗಂಟೆ ಮೇಲೆ ಕಡಲ ಗಾಳಿ ಎದ್ದರೆ ಉರಿ ನಿಲ್ಲುವುದೇ ಇಲ್ಲ. ರಟ್ಟು ಅಡ್ಡ ಇಟ್ಟರೂ ಆಗಲಿಲ್ಲ. ಮರುದಿನ ಏಳು ಗಂಟೆಗೆ ಹಚ್ಚಿದೆ. ಆಗ ಗಾಳಿ ನೆಲದ ಕಡೆಯಿಂದ, ಅದೂ ಮೆಲ್ಲಗೆ. ಗುಳ್ಳ ಚೆನ್ನಾಗಿ ಬೆಂದು ಸಿಪ್ಪೆ ತಾನಾಗಿ ಬಿಟ್ಟಿತು. ತೆಂಗಿನೆಣ್ಣೆ, ಹಸಿಮೆಣಸು, ಉಪ್ಪು ಸಾಕು.

ಕೋಡಿ ಬೆಂಗ್ರೆಯ ತುದಿಗೆ ಇಳಿತದ ಹೊತ್ತಲ್ಲೇ ಹೋಗಿ. ಹೊಳೆ ಕಡಲಿಗೆ ಸೇರುವಲ್ಲಿ ನಡೆಯಲು ಹಾಸಿದ ಮರಳು ಆಗ ಮಾತ್ರ ಸಿಗುತ್ತದೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಆ ಲೆಕ್ಕ ಇಟ್ಟುಕೊಂಡೇ ನಾವು ಊರು ಬಿಡುವ ಹೊತ್ತು ನಿರ್ಧರಿಸುತ್ತಿದ್ದೆವು.

ಈಗ ದುಡ್ಡು. ಹಿಂದೊಮ್ಮೆ ಒಂದು ರೆಸಾರ್ಟಿಗೆ ಮೂರು ರಾತ್ರಿಗೆ 22 ಸಾವಿರದ ಹತ್ತಿರ ಕೊಟ್ಟಿದ್ದೆವು. ಕಡಲು ಕಾಣುವ ರೂಮು ಅಂದಿದ್ದರು. ಕಿಟಕಿ ತೆಗೆದರೆ ಜನರೇಟರ್ ಶೆಡ್. ಈ ಸಲ ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜುಗಳೇ, 800ರಿಂದ 1,100 ರೂಪಾಯಿ. ಶನಿವಾರ, ಭಾನುವಾರ ಮುರುಡೇಶ್ವರ, ಗೋಕರ್ಣ ಬಿಟ್ಟು ಕುಂದಾಪುರ, ಕುಮಟಾದಂಥ ಊರಲ್ಲಿ ಉಳಿದರೆ ರೇಟು ಏರುವುದಿಲ್ಲ. ಪೆಟ್ರೋಲು, ಊಟ, ರೂಮು, ಎಳನೀರು ಎಲ್ಲ ಸೇರಿ ಇಬ್ಬರಿಗೆ 19 ಸಾವಿರದ ಒಳಗೆ ಮುಗಿಯಿತು.

ಮಧ್ಯಾಹ್ನದ ಬಿಸಿಲಿಗೆ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಬೀಚುಗಳೇ ಗತಿ. ಎರಡಕ್ಕೂ 2020ರಲ್ಲಿ ಬ್ಲೂ ಫ್ಲಾಗ್ ಸಿಕ್ಕಿತು, ಶುಚಿಯಾದ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಅದು. ಟಿಕೆಟ್ ಇದೆ ಅಂತ ಗೊಣಗುವವರಿದ್ದಾರೆ. ನೆರಳು, ಶುಚಿಯಾದ ಶೌಚಾಲಯ, ಉಪ್ಪು ತೊಳೆದುಕೊಳ್ಳಲು ಸಿಹಿನೀರು ಸಿಗುವಾಗ ಕೊಡಲೇಬೇಕಲ್ವಾ? ಮರವಂತೆಯಲ್ಲಿ ಕಡಲು ಮತ್ತು ಸೌಪರ್ಣಿಕಾ ನಡುವೆ ರಸ್ತೆ ಓಡುವುದು ಎಲ್ಲರಿಗೂ ಗೊತ್ತು. ಬೆಳಿಗ್ಗೆ ಆರೂವರೆಗೆ ಹೋಗಿ, ಲಾರಿ ಕಡಿಮೆ.

ಅಘನಾಶಿನಿಯಲ್ಲಿ ಕಾರು ಬಿಟ್ಟು ದೋಣಿಯಲ್ಲಿ ತದಡಿಗೆ ದಾಟಿದೆವು, ಅಲ್ಲಿಂದ ಆಟೋದಲ್ಲಿ ಗೋಕರ್ಣ. ಹೀಗೆ ಹೋದರೆ ಗೋಕರ್ಣದಲ್ಲಿ ಪಾರ್ಕಿಂಗ್ ತಲೆನೋವೇ ಇಲ್ಲ. ಕುಮಟಾದಲ್ಲಿ ಮೀನೂಟ ಮಾಡಿದ ಮನೆ, ಹೊನ್ನಾವರ ದಾಟಿ ಒಂದು ತಿರುವಿನಲ್ಲಿ ಸಿಕ್ಕಿದ ಖಾಲಿ ದಂಡೆ, ಇವೆರಡನ್ನು ಭಾವನಿಗೂ ಹೇಳಿಲ್ಲ. ಇಲ್ಲೂ ಹೇಳುವುದಿಲ್ಲ.

ಕಾರವಾರಕ್ಕೆ ಎರಡು ರಾತ್ರಿ ಇಡಿ. ಟಾಗೋರ್ ಕಡಲತೀರದಲ್ಲೇ ಚಾಪಲ್ ಯುದ್ಧನೌಕೆಯ ಮ್ಯೂಸಿಯಂ ಇದೆ. ಯುವಕರಾಗಿದ್ದಾಗ ರವೀಂದ್ರನಾಥರು ಅಣ್ಣನ ಜೊತೆ ಉಳಿದಿದ್ದ ಊರಿದು.

ಹೋಗುವುದಾದರೆ ಜನವರಿ, ಫೆಬ್ರವರಿ ಒಳ್ಳೇದು. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಮೀನೂ ದುಬಾರಿ, ಕಡಲೂ ಒರಟು. ಶಿವರಾತ್ರಿ ವಾರ ಮಾತ್ರ ತಪ್ಪಿಸಿ, ಗೋಕರ್ಣದ ಸುತ್ತಮುತ್ತ ರೂಮು ಸಿಗುವುದು ಕಷ್ಟ.