ವಕೀಲರ ಬಾಕಿ ಹೆಚ್ಚೆನಿಸಿತೇ? ಮೊದಲು ಲೆಕ್ಕ ಕೇಳಿ

ಮಂಜೇಶ್ವರದ ಕಡೆ ಅಡಕೆ ತೋಟದ ಪಾಲಿನ ಕೇಸು ಮುಗಿದು, “ಇನ್ನೂ ಇಷ್ಟು ಬಾಕಿ” ಎಂಬ ಮಾತು ಬಂದಾಗ ಕಂಗಾಲಾಗುವವರಿದ್ದಾರೆ. ಅವರು ಸಹಿ ಹಾಕಿರುವುದು ವಕಾಲತ್ತಿಗೆ ಮಾತ್ರ. ವಕಾಲತ್ತು ಕೇಸು ನಡೆಸುವ ಅಧಿಕಾರ ಕೊಡುತ್ತದೆ. ಫೀಸು ಎಷ್ಟೆಂದು ಅದರಲ್ಲಿರುವುದಿಲ್ಲ. ಬರವಣಿಗೆಯ ಒಪ್ಪಂದ ಇಲ್ಲವೆಂದು ಕೇಳಿದಷ್ಟು ಕೊಡಬೇಕಾಗಿಲ್ಲ. ಹಾಗೆಂದು ಮಾಡಿದ ಕೆಲಸಕ್ಕೆ ಕೈಯೆತ್ತುವುದೂ ಸರಿಯಲ್ಲ.

ಮೊದಲು ಒಂದು ನೋಟ್‌ಬುಕ್ ಹಿಡಿದು ಕುಳಿತುಕೊಳ್ಳಿ. ಯಾವ ದಿನ ಎಷ್ಟು ಕೊಟ್ಟಿರಿ, ವಕೀಲರ ಕೈಗೋ ಗುಮಾಸ್ತರ ಕೈಗೋ, ಫೀಸಿಗೋ ಕೋರ್ಟ್ ಸ್ಟಾಂಪಿಗೋ, ಎಲ್ಲ ಬರೆಯಿರಿ. ಗೂಗಲ್ ಪೇ, ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸಬೇಡಿ. ಕೇಸು ಯಾವ್ಯಾವ ದಿನ ಇತ್ತೆಂದು ಇ-ಕೋರ್ಟ್ಸ್ ಆ್ಯಪಿನಲ್ಲಿ ಸಿಗುತ್ತದೆ.

ಬಳಿಕ ವಕೀಲರಿಗೆ ವಿನಯದಿಂದಲೇ ಪತ್ರ ಬರೆದು ಲೆಕ್ಕದ ಪ್ರತಿ ಕೇಳಿ, ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ಕಕ್ಷಿದಾರರ ಹಣಕ್ಕೆ ಲೆಕ್ಕ ಇಡಬೇಕು, ಕೇಳಿದರೆ ಕೊಡಬೇಕು ಎಂಬುದು ವಕೀಲರ ನಿಯಂತ್ರಣ ಸಂಸ್ಥೆಯಾದ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮ. ಫೀಸು ನಿಗದಿಯಾಗದೆ ಉಳಿದಿದ್ದರೆ, ಕೇಸು ಮುಗಿದಾಗ ತಮ್ಮ ಬಳಿಯಿರುವ ನಿಮ್ಮ ಹಣದಿಂದ ಅವರು ಮುರಿದುಕೊಳ್ಳಬಹುದಾದದ್ದು ಕೋರ್ಟಿನ ನಿಯಮದ ಫೀಸು, ಇಲ್ಲವೇ ಆಗ ಇಬ್ಬರೂ ಒಪ್ಪಿದ ಫೀಸು. ಮಿಕ್ಕಿದ್ದು ನಿಮಗೆ ವಾಪಸು. ಲೆಕ್ಕ ಮಲಯಾಳದಲ್ಲಿದ್ದರೆ ಓದಿಸಿ, ಸಾಲು ಸಾಲಾಗಿ ಅರ್ಥವಾದ ಮೇಲೆಯೇ ಸಹಿ ಹಾಕಿ. ಸಂಕೋಚ ಬೇಡ, ನಮ್ಮವರು ಎಡವುವುದು ಇಲ್ಲೇ.

“ಸಿಕ್ಕಿದ ಜಾಗದಲ್ಲಿ ಇಷ್ಟು ಪಾಲು” ಎಂದು ಕೇಳಿದರೆ ಒಪ್ಪಬೇಡಿ. ಗೆದ್ದದ್ದರಲ್ಲಿ ಪಾಲು ಪಡೆಯುವುದು ವಕೀಲರಿಗೆ ನಿಷಿದ್ಧ. ಬಾಕಿಗಾಗಿ ಆಧಾರಪತ್ರ, ಕಡತ ಹಿಡಿದಿಟ್ಟುಕೊಳ್ಳುವಂತೆಯೂ ಇಲ್ಲ; ಸುಪ್ರೀಂ ಕೋರ್ಟ್ 2000ರಲ್ಲೇ ಇದನ್ನು ಹೇಳಿದೆ.

ಮಾತು ಮುರಿದರೆ ಕಾಸರಗೋಡು ವಿದ್ಯಾನಗರದ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಗ್ರಾಹಕರ ಆಯೋಗಕ್ಕೆ ಹೋಗಿ ಪ್ರಯೋಜನವಿಲ್ಲ: ವಕೀಲರ ಸೇವೆ ಗ್ರಾಹಕ ಕಾಯಿದೆಯೊಳಗೆ ಬರುವುದಿಲ್ಲವೆಂದು 2024ರ ಮೇಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಲೆಕ್ಕ ಕೊಡದಿರುವುದು, ಕಡತ ಕೊಡದಿರುವುದು ಇಂಥ ದುರ್ನಡತೆಗೆ 1961ರ ವಕೀಲರ ಕಾಯಿದೆಯ 35ನೇ ಕಲಮಿನಡಿ ಎರ್ನಾಕುಳಂನಲ್ಲಿರುವ ಕೇರಳ ಬಾರ್ ಕೌನ್ಸಿಲಿಗೆ ದೂರು ಕೊಡಬಹುದು. ಕನ್ನಡದಲ್ಲಿ ಬರೆದರೆ ಇಂಗ್ಲಿಷ್ ಅಥವಾ ಮಲಯಾಳ ಅನುವಾದವನ್ನೂ ಲಗತ್ತಿಸಿ. ಫೀಸು ಜಾಸ್ತಿಯಾಯಿತು ಎಂಬ ಒಂದೇ ಮಾತಿನ ದೂರು ಅಲ್ಲಿ ನಿಲ್ಲುವುದು ಕಷ್ಟ.

ವಕೀಲರೇ ಬಾಕಿಗಾಗಿ ದಾವೆ ಹೂಡಿ ಸಮನ್ಸ್ ಬಂದರೆ ಮೂಲೆಗೆ ಹಾಕಬೇಡಿ. ಹಾಜರಾಗದಿದ್ದರೆ ಏಕಪಕ್ಷೀಯ ತೀರ್ಪಾಗಬಹುದು. ಆ ನೋಟ್‌ಬುಕ್ ಹಿಡಿದುಕೊಂಡೇ ಹೋಗಿ.